ಟಿವಿ ವಿಡಿಯೋನ ಕಂಪ್ಯೂಟರ್‌ಗೆ ಕ್ಯಾಪ್ಚರ್ ಮಾಡುವಾಗ ಪಿಕ್ಚರ್ ಕ್ವಾಲಿಟಿ ಕೆಡದ ಹಾಗೆ ನೋಡ್ಕೊಳ್ಳೋದು ಹೇಗೆ: ಕೇಬಲ್‌ನಿಂದ ಫೈಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಟಿವಿಲಿ ನೋಡುವಾಗ ಚೆನ್ನಾಗೇ ಕಾಣ್ತಿದ್ದ ಪಿಕ್ಚರು ಕಂಪ್ಯೂಟರ್‌ಗೆ ಬಂದ ಕೂಡ್ಲೇ ಕೆಟ್ಟುಹೋಗಿರುತ್ತೆ. ಕಪ್ಪಗಿರಬೇಕಾದ ಕೂದಲು ಬೂದಿ ಬಣ್ಣ, ಯಾರಾದ್ರೂ ಕೈ ಬೀಸಿದ್ರೆ ಅಂಚಲ್ಲೆಲ್ಲ ಬಾಚಣಿಗೆ ಹಲ್ಲು, ಕೆಂಪು ಬಟ್ಟೆಯ ಬಣ್ಣ ಪಕ್ಕದ ಗೋಡೆಗೆ ಸೋರಿಕೊಂಡಿರುತ್ತೆ, ಮುಖಗಳು ಯಾಕೋ ಒಂಚೂರು ಅಗಲ. ನಂಗೂ ಇದೇ ಆಗಿತ್ತು. ಆಗ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ, ಸಿಕ್ಕ ಸಿಕ್ಕ ನಾಯ್ಸ್ ಫಿಲ್ಟರ್ ಇಳಿಸ್ಕೊಂಡು ಹೆಚ್ಚುಕಮ್ಮಿ ಒಂದು ತಿಂಗಳು ಹೊಳೇಲಿ ಹುಣಸೆಹಣ್ಣು ಕಿವುಚಿದೆ, ಕೊನೆಗೆ ಅರ್ಧ ಸಮಸ್ಯೆ ಹೋಗಿದ್ದು ಹಳದಿ ಪಿನ್ನಿನ ಕೇಬಲ್ ಕಿತ್ತು ಎಸ್-ವಿಡಿಯೋ ಕೇಬಲ್ ಹಾಕಿದಾಗ. ಅಷ್ಟೇ.

ಅದಕ್ಕೇ ಹೇಳ್ತಿರೋದು, ಫಿಲ್ಟರ್ ಕಡೆಯಿಂದ ಶುರು ಮಾಡ್ಬೇಡಿ. ಸಿಗ್ನಲ್ ಎಲ್ಲಿಂದ ಹೊರಡುತ್ತೋ ಅಲ್ಲಿಂದ ಹಿಡಿದು ಫೈಲ್ ಆಗೋವರೆಗೆ ದಾರೀಲಿ ಬರೋ ಒಂದೊಂದು ಜಾಗಾನೂ ಚೆಕ್ ಮಾಡ್ಕೊಂಡು ಬನ್ನಿ, ಯಾಕಂದ್ರೆ ಮೇಲಿನ ಹಂತದಲ್ಲಿ ಕಳ್ಕೊಂಡಿದ್ದನ್ನ ಕೆಳಗಿನ ಹಂತದಲ್ಲಿ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಕೆಳಗೆ ಎಲ್ಲಾನೂ ಅದೇ ಕ್ರಮದಲ್ಲಿ ಬರೆದಿದ್ದೀನಿ.

ಹಂತ 1: ನಿಜವಾಗ್ಲೂ ಕ್ಯಾಪ್ಚರ್ ಮಾಡ್ಬೇಕಾ ಅಂತ ಮೊದ್ಲು ನೋಡಿ

ಬರ್ತಿರೋ ಚಾನೆಲ್ ಡಿಜಿಟಲ್ ಆಗಿದ್ರೆ, ಅಂದ್ರೆ ಆಂಟೆನಾ, ಡಿಶ್ ಅಥವಾ ಕೇಬಲ್‌ನಲ್ಲಿ ಡಿಜಿಟಲ್ ಪ್ರಸಾರ ಆಗಿದ್ದು ಅದಕ್ಕೆ ಲಾಕ್ ಇಲ್ಲ ಅಂದ್ರೆ, ಅದಕ್ಕೆ ಹೊಂದೋ ಡಿಜಿಟಲ್ ಟ್ಯೂನರ್ ಹಾಕಿ ಸ್ಟ್ರೀಮನ್ನ ಹಾಗೇ ರೆಕಾರ್ಡ್ ಮಾಡಿ. ಪ್ರಸಾರದಲ್ಲಿ ವಿಡಿಯೋ ಆಗ್ಲೇ ಎಂಪೆಗ್-2 ಅಥವಾ ಎಚ್.264 ಥರ ಕಂಪ್ರೆಸ್ ಆಗಿಯೇ ಬರುತ್ತೆ, ಟ್ಯೂನರ್ ಅದೇ ಬಿಟ್‌ಗಳನ್ನ ಡಿಸ್ಕ್‌ಗೆ ಇಳಿಸುತ್ತೆ, ಮಧ್ಯದಲ್ಲಿ ಯಾರೂ ಕೈ ಹಾಕಲ್ಲ. ಆ ಪ್ರಸಾರದಿಂದ ಇದಕ್ಕಿಂತ ಒಳ್ಳೆ ಕ್ವಾಲಿಟಿ ಸಿಗಲ್ಲ. ಇಂಥ ಫೈಲಲ್ಲಿ ಜಾಹೀರಾತು ಕತ್ತರಿಸ್ಬೇಕಿದ್ರೆ ರೀ-ಎನ್‌ಕೋಡ್ ಮಾಡದೆ ಬರೀ ಕತ್ತರಿಸೋ ಸಾಫ್ಟ್‌ವೇರ್ ಬಳಸಿ, ಅವಿಡೆಮಕ್ಸ್‌ನಲ್ಲಿ ವಿಡಿಯೋ ಆಡಿಯೋ ಎರಡಕ್ಕೂ ಕಾಪಿ ಅಂತ ಇಟ್ಕೊಂಡ್ರೆ ಸಾಕು, ಆದ್ರೆ ಕೀಫ್ರೇಮ್ (ಪೂರ್ತಿ ಚಿತ್ರ ಸ್ವತಂತ್ರವಾಗಿ ಇರೋ ಫ್ರೇಮ್) ಇರೋ ಜಾಗದಲ್ಲೇ ಕತ್ತರಿಸ್ಬೇಕಾಗುತ್ತೆ, ಅರ್ಧ ಸೆಕೆಂಡ್ ಆಚೆ ಈಚೆ ಆದ್ರೆ ಬಿಟ್ಬಿಡಿ.

ಇನ್ನೊಂದು ವಿಷ್ಯ. ಡಿಜಿಟಲಲ್ಲಿ ಸಿಗ್ನಲ್ ವೀಕ್ ಆದ್ರೆ ಇರುವೆ ಮುತ್ತಿದ ಹಾಗೆ ಚುಕ್ಕೆ ಬರಲ್ಲ, ಚೌಕ ಚೌಕ ಒಡೆದು ನಿಲ್ಲುತ್ತೆ. ಅದಕ್ಕೆ ಬ್ರೈಟ್‌ನೆಸ್ಸೂ ಶಾರ್ಪ್‌ನೆಸ್ಸೂ ಮದ್ದಲ್ಲ, ಆಂಟೆನಾ ಮತ್ತೆ ಕೇಬಲ್ ಮಾತ್ರ ಮದ್ದು.

ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐನಿಂದ ತಗೋತೀನಿ ಅನ್ನೋರು ಮೂರು ವಿಷ್ಯ ನೋಡ್ಕೊಳ್ಳಿ. ಬಾಕ್ಸ್‌ನ ಔಟ್‌ಪುಟ್ ರೆಸಲ್ಯೂಶನ್ನು ಚಾನೆಲ್ ಯಾವುದರಲ್ಲಿ ಬರ್ತಿದೆಯೋ ಅದಕ್ಕೇ ಇಡಿ, 1080ಐ (1080 ಗೆರೆಯ) ಚಾನೆಲನ್ನ 720ಪಿಗೆ (720 ಗೆರೆಗೆ) ಇಳಿಸಿ ಮತ್ತೆ ಕಂಪ್ಯೂಟರಲ್ಲಿ 1080ಕ್ಕೆ ಎಳೆಯೋದ್ರಲ್ಲಿ ಅರ್ಥ ಇಲ್ಲ. ಆಮೇಲೆ ಕ್ಯಾಪ್ಚರ್ ಡಬ್ಬಿ (ವಿಡಿಯೋ ಸಿಗ್ನಲನ್ನ ಕಂಪ್ಯೂಟರ್ ಒಳಗೆ ತರೋ ಡಬ್ಬಿ) ಯುಎಸ್‌ಬಿ 2.0ದ್ದಾ 3.0ದ್ದಾ ಅಂತ ನೋಡಿ. 1920×1080, ಸೆಕೆಂಡಿಗೆ 60 ಫ್ರೇಮ್, ಕಂಪ್ರೆಸ್ ಮಾಡದೆ 4:2:2 (ಬೆಳಕಿನ ವಿವರ ಪೂರ್ತಿ, ಬಣ್ಣದ ವಿವರ ಅಡ್ಡಡ್ಡಕ್ಕೆ ಅರ್ಧ) ಅಂದ್ರೆ ಸೆಕೆಂಡಿಗೆ ಸುಮಾರು 250 ಎಂಬಿ ಆಗುತ್ತೆ, ಅಂದ್ರೆ ಹತ್ತಿರ ಹತ್ತಿರ 2 ಗಿಗಾಬಿಟ್, ಯುಎಸ್‌ಬಿ 2.0ದ ಮಿತಿ 480 ಮೆಗಾಬಿಟ್. ಹಾಗಾಗಿ ಯುಎಸ್‌ಬಿ 2.0 ಡಬ್ಬಿ 1080ಪಿ 60 ಅಂತ ಮೇಲೆ ಬರ್ಕೊಂಡಿದ್ರೆ ಒಳಗಡೆ ಅದು ಎಂಜೆಪೆಗ್ ಥರ ಏನಾದ್ರೂ ಹಿಂಡಿಯೇ ಕಳಿಸ್ತಿರುತ್ತೆ, ಅಕ್ಷರಗಳ ಸುತ್ತ ಕಸ ಕಾಣೋದು ಅದಕ್ಕೇ. ಮೂರನೇದು ಕಲರ್ ರೇಂಜ್, ಅಂದ್ರೆ ಕಪ್ಪಿಂದ ಬಿಳುಪಿನವರೆಗೆ ಯಾವ ಸಂಖ್ಯೆಗಳನ್ನ ಬಳಸೋದು ಅಂತ (ಲಿಮಿಟೆಡ್ ಅಂದ್ರೆ 16ರಿಂದ 235, ಫುಲ್ ಅಂದ್ರೆ 0ಯಿಂದ 255), ಬಾಕ್ಸ್ ಲಿಮಿಟೆಡ್ ಕಳಿಸಿ ಸಾಫ್ಟ್‌ವೇರ್ ಫುಲ್ ಅಂದ್ಕೊಂಡ್ರೆ ಕಪ್ಪೆಲ್ಲ ಬೂದಿ, ಉಲ್ಟಾ ಆದ್ರೆ ನೆರಳಿನ ಜಾಗ ಎಲ್ಲ ಮಸಿ ಬಳಿದ ಹಾಗೆ. ಎರಡೂ ಕಡೆ ಒಂದೇ ಇರ್ಬೇಕು. ಬರೀ ಕಪ್ಪು ಸ್ಕ್ರೀನ್ ಬರ್ತಿದೆ ಅಂದ್ರೆ ಬಹಳ ಸಲ ಅದು ಎಚ್‌ಡಿಸಿಪಿ ಅನ್ನೋ ಕಾಪಿ ಲಾಕ್, ಕ್ವಾಲಿಟಿ ಸಮಸ್ಯೆ ಅಲ್ಲ, ಅದರ ಬಗ್ಗೆ ಇಲ್ಲಿ ಮಾತಾಡಲ್ಲ.

ಇನ್ನು ಮುಂದೆ ಬರೋದೆಲ್ಲ ಅನಲಾಗ್ ಕಥೆ, ಅಂದ್ರೆ ವಿಸಿಆರ್, ಹಳೇ ಕ್ಯಾಮ್‌ಕಾರ್ಡರ್, ಟಿವಿಯಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್, ಹಳೇ ಟ್ಯೂನರ್ ಕಾರ್ಡ್. ನಿಜವಾದ ತಲೆನೋವು ಇರೋದೇ ಇಲ್ಲಿ.

ಹಂತ 2: ಕೇಬಲ್

ಅನಲಾಗ್ ವಿಡಿಯೋ ಹೊರಗೆ ಬರೋ ದಾರಿಗಳಲ್ಲಿ ಅತ್ಯಂತ ಕೆಟ್ಟದ್ದು ಆಂಟೆನಾ ಪಿನ್ನು, ಅಂದ್ರೆ ಆರ್‌ಎಫ್, ಅಲ್ಲಿ ವಿಡಿಯೋ ಆಡಿಯೋ ಎಲ್ಲಾನೂ ಒಂದು ಚಾನೆಲ್ ಮೇಲೆ ಹತ್ತಿಸಿ ಕಳಿಸ್ತಾರೆ. ಅದಕ್ಕಿಂತ ವಾಸಿ ಹಳದಿ ಪಿನ್ನಿನ ಕಾಂಪೋಸಿಟ್, ಅದಕ್ಕಿಂತ ಒಳ್ಳೇದು ಎಸ್-ವಿಡಿಯೋ, ಅದಕ್ಕೂ ಮೇಲೆ ಹಸಿರು ನೀಲಿ ಕೆಂಪು ಮೂರು ಪಿನ್ನಿನ ಕಾಂಪೊನೆಂಟ್. ವಿಸಿಆರ್‌ನಿಂದ ತಗೊಳ್ಳುವಾಗ ಆರ್‌ಎಫ್ ಬಿಟ್ಟು ಬೇರೆ ಏನಿದ್ರೂ ಅದನ್ನೇ ಹಾಕಿ.

ಎಸ್-ವಿಡಿಯೋ ಯಾಕೆ ಮೇಲು ಅಂದ್ರೆ, ಕಾಂಪೋಸಿಟಲ್ಲಿ ಬೆಳಕಿನ ಮಾಹಿತಿ ಮತ್ತೆ ಬಣ್ಣದ ಮಾಹಿತಿ ಎರಡನ್ನೂ ಒಂದೇ ತಂತೀಲಿ ಕಲಸಿ ಕಳಿಸ್ತಾರೆ, ಕ್ಯಾಪ್ಚರ್ ಕಾರ್ಡ್ ಅದನ್ನ ಮತ್ತೆ ಬೇರೆ ಮಾಡ್ಬೇಕು, ಬೇರೆ ಮಾಡುವಾಗ ಪೂರ್ತಿ ಬಿಡಿಸೋಕಾಗಲ್ಲ. ಆ ಉಳಿಕೆನೇ ಬಣ್ಣದ ಅಂಚಲ್ಲಿ ತೆವಳೋ ಚುಕ್ಕೆಗಳು, ಸಣ್ಣ ಗೆರೆ ಇರೋ ಶರ್ಟಿನ ಮೇಲೆ ಕಾಣೋ ಕಾಮನಬಿಲ್ಲು. ಎಸ್-ವಿಡಿಯೋದಲ್ಲಿ ಎರಡೂ ಬೇರೆ ಬೇರೆ ತಂತೀಲಿ ಬರುತ್ತೆ, ಬಿಡಿಸೋ ಪ್ರಶ್ನೆನೇ ಇಲ್ಲ. ವಿಎಚ್‌ಎಸ್ ಟೇಪ್ ಮೇಲೂ ಬೆಳಕು ಬಣ್ಣ ಬೇರೆ ಬೇರೆ ಫ್ರೀಕ್ವೆನ್ಸೀಲಿ ಕೂತಿರುತ್ತೆ, ಅದನ್ನ ಸುಮ್ನೆ ಕಲಸಿ ಮತ್ತೆ ಬಿಡಿಸೋದು ಯಾಕೆ? ಸಾಮಾನ್ಯ ವಿಸಿಆರ್‌ಗಳಲ್ಲಿ ಎಸ್-ವಿಡಿಯೋ ಔಟ್ ಇರಲ್ಲ, ಎಸ್-ವಿಎಚ್‌ಎಸ್ ಮಾಡೆಲ್‌ಗಳಲ್ಲಿ ಇರುತ್ತೆ, ಅವು ಮಾಮೂಲಿ ವಿಎಚ್‌ಎಸ್ ಕ್ಯಾಸೆಟ್ಟನ್ನೂ ಓಡಿಸ್ತವೆ, ಯಾರ ಹತ್ರಾದ್ರೂ ಇದ್ರೆ ಸ್ವಲ್ಪ ದಿನ ಕೇಳಿ ತಗೊಳ್ಳಿ. ಆದ್ರೆ ಕಾಂಪೋಸಿಟ್ ಔಟಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಎಸ್-ವಿಡಿಯೋ ಮಾಡ್ಕೊಂಡ್ರೆ ಏನೂ ಸಿಗಲ್ಲ, ಆಗ್ಲೇ ಕಲಸಿ ಆಗಿದೆ.

ಎಸ್-ವಿಡಿಯೋ ಹಾಕಿದ್ಮೇಲೆ ಪಿಕ್ಚರ್ ಕಪ್ಪು-ಬಿಳುಪು ಬಂದ್ರೆ ಗಾಬರಿ ಆಗ್ಬೇಡಿ, ಸಾಫ್ಟ್‌ವೇರಲ್ಲಿ ಇನ್‌ಪುಟ್ ಇನ್ನೂ ಕಾಂಪೋಸಿಟ್ ಅಂತಲೇ ಇರಬಹುದು, ಇಲ್ಲ ನಾಲ್ಕು ಸಣ್ಣ ಪಿನ್ನಲ್ಲಿ ಒಂದು ಬಾಗಿರಬಹುದು, ಇಲ್ಲ ಸ್ಟ್ಯಾಂಡರ್ಡ್ ತಪ್ಪಿರಬಹುದು (ಅದು ಮುಂದೆ ಬರುತ್ತೆ).

ಕೇಬಲ್ ಆದಷ್ಟು ಗಿಡ್ಡ ಇರ್ಲಿ, 75 ಓಮ್‌ನ ಶೀಲ್ಡ್ ಇರೋ ವಿಡಿಯೋ ಕೇಬಲ್ ಇರ್ಲಿ. ಚಿನ್ನದ ಲೇಪನ ಅದು ಇದು ಅಂತ ದುಡ್ಡು ಸುರಿಯೋದು ಬೇಡ, ಆದ್ರೆ ಆಡಿಯೋಗೆ ಅಂತ ಬರೋ ತೆಳ್ಳಗಿನ ತಂತೀನ ವಿಡಿಯೋಗೆ ಹಾಕ್ಬೇಡಿ. ಆಂಟೆನಾ ಅಥವಾ ಅನಲಾಗ್ ಕೇಬಲ್‌ನಿಂದ ನೇರ ಟ್ಯೂನರ್ ಕಾರ್ಡಿಗೆ ಹಾಕಿರೋರು ಸ್ಪ್ಲಿಟರ್ ಎಷ್ಟಿದೆ ಅಂತ ಎಣಿಸಿ, ಎರಡು ದಾರಿ ಮಾಡೋ ಒಂದು ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ತಿನ್ನುತ್ತೆ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಪವರ್ ಅಲ್ಲೇ ಹೋಯ್ತು. ಆಂಪ್ಲಿಫೈಯರ್ ಹಾಕೋದಾದ್ರೆ ಆಂಟೆನಾ ಹತ್ರ ಹಾಕಿ, ಕಂಪ್ಯೂಟರ್ ಹತ್ರ ಹಾಕಿದ್ರೆ ದಾರೀಲಿ ಸೇರಿಕೊಂಡ ಗಲೀಜನ್ನೂ ಸೇರಿಸಿ ದೊಡ್ಡದು ಮಾಡುತ್ತೆ. ಒಂದೇ ಚಿತ್ರ ಪಕ್ಕದಲ್ಲಿ ಮಸುಕಾಗಿ ಎರಡನೇ ಸಲ ಕಾಣ್ತಿದ್ರೆ ಸಿಗ್ನಲ್ ಎಲ್ಲೋ ಗೋಡೆಗೋ ಕಟ್ಟಡಕ್ಕೋ ಬಡಿದು ತಡವಾಗಿ ಬರ್ತಿದೆ ಅಂತ ಅರ್ಥ, ಆಂಟೆನಾ ದಿಕ್ಕು ತಿರುಗಿಸಿ ನೋಡಿ.

ಪಿಕ್ಚರ್ ಮೇಲೆ ಅಗಲವಾದ ಅಡ್ಡ ಪಟ್ಟಿ ನಿಧಾನಕ್ಕೆ ಮೇಲೆ ಕೆಳಗೆ ಹರೀತಿದೆಯಾ? ಅದು ಗ್ರೌಂಡ್ ಲೂಪ್, ಅಂದ್ರೆ ಬೇರೆ ಬೇರೆ ಪ್ಲಗ್ಗಿನ ಅರ್ಥಿಂಗ್ ಮಧ್ಯೆ ಕೇಬಲ್ ಮೂಲಕ ಹರಿಯೋ ಕರೆಂಟು. ವಿಸಿಆರ್, ಟಿವಿ, ಕಂಪ್ಯೂಟರ್ ಎಲ್ಲಾನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆಗಿದ್ರೆ ಚಾರ್ಜರ್ ಕಿತ್ತು ಬರೀ ಬ್ಯಾಟರೀಲಿ ಓಡಿಸಿ, ಪಟ್ಟಿ ಮಾಯ ಆದ್ರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ಹಂತ 3: ಕ್ಯಾಸೆಟ್ಟು, ವಿಸಿಆರ್ರು ಮತ್ತೆ ಟಿಬಿಸಿ

ವರ್ಷಗಟ್ಲೆ ಇಟ್ಟಿದ್ದ ಕ್ಯಾಸೆಟ್ಟನ್ನ ನೇರ ಪ್ಲೇ ಮಾಡ್ಬೇಡಿ, ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ ವಾಪಸ್ ಸುತ್ತಿ, ಟೇಪ್ ಬಿಗಿ ಸಮ ಆಗುತ್ತೆ. ಟೇಪ್ ಮೇಲೆ ಬಿಳೀ ಬೂಷ್ಟು ಕಂಡ್ರೆ ಮಾತ್ರ ಮಷೀನ್ ಒಳಗೆ ಹಾಕ್ಲೇಬೇಡಿ, ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟೂ ಹಾಳು. ಹೆಡ್ ಕ್ಲೀನ್ ಮಾಡೋರು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತೆ ನೂಲು ಬಿಡದ ಬಟ್ಟೆ ಬಳಸಿ, ಕಿವಿಗೆ ಹಾಕೋ ಹತ್ತಿ ಕಡ್ಡಿ ಬೇಡ, ಅದರ ಎಳೆ ವಿಡಿಯೋ ಹೆಡ್ಡಿಗೆ ಸಿಕ್ಕೊಳ್ಳುತ್ತೆ. ಬಟ್ಟೆ ಹೆಡ್ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡ್ಕೊಂಡು ಡ್ರಮ್ಮನ್ನ ಕೈಯಿಂದ ತಿರುಗಿಸ್ಬೇಕು, ಮೇಲೆ ಕೆಳಗೆ ಉಜ್ಜಿದ್ರೆ ಹೆಡ್ ಮುರಿಯುತ್ತೆ.

ಟ್ರ್ಯಾಕಿಂಗನ್ನ (ಹೆಡ್ಡು ಟೇಪಿನ ಟ್ರ್ಯಾಕ್ ಮೇಲೇ ಸರಿಯಾಗಿ ಓಡೋ ಹಾಗೆ ಮಾಡೋದು) ಪ್ರತೀ ಕ್ಯಾಸೆಟ್ಟಿಗೂ ಕೈಯಲ್ಲೇ ಅಡ್ಜಸ್ಟ್ ಮಾಡಿ ನೋಡಿ, ಆಟೋ ಯಾವಾಗ್ಲೂ ಸರಿ ಇರಲ್ಲ. ವಿಸಿಆರ್ ಒಳಗೆ ಶಾರ್ಪ್‌ನೆಸ್ ಅಥವಾ ಪಿಕ್ಚರ್ ಮೋಡ್ ಅಂತ ಇದ್ರೆ ಅದನ್ನ ಎಡಿಟ್ ಅಥವಾ ನಾರ್ಮಲ್‌ಗೆ ಇಡಿ, ಮಷೀನ್ ಹಾಕೋ ಶಾರ್ಪ್‌ನೆಸ್ಸು ಅಂಚಿಗೆಲ್ಲ ಬಿಳೀ ಗೆರೆ ಬಳಿಯುತ್ತೆ, ಆಮೇಲೆ ತೆಗೆಯೋಕಾಗಲ್ಲ.

ಈಗ ಟಿಬಿಸಿ, ಟೈಮ್ ಬೇಸ್ ಕರೆಕ್ಟರ್. ಟೇಪ್ ಓಡುವಾಗ ಪ್ರತೀ ಗೆರೆನೂ ಒಂದೇ ಸಮಯಕ್ಕೆ ಶುರು ಆಗಲ್ಲ, ಒಂದು ಚೂರು ಮುಂಚೆ ಒಂದು ಚೂರು ತಡ. ಬಾಗಿಲ ಚೌಕಟ್ಟು, ಕಂಬ ಇಂಥ ನೆಟ್ಟಗಿರೋ ವಸ್ತು ಹಾವಿನ ಥರ ಅಲ್ಲಾಡೋದು ಅದಕ್ಕೇ, ಪಿಕ್ಚರ್‌ನ ಮೇಲಿನ ತುದಿ ಒಂದು ಪಕ್ಕಕ್ಕೆ ಬಾಗೋದೂ ಅದಕ್ಕೇ. ಹಳೇ ಪಿಕ್ಚರ್ ಟ್ಯೂಬ್ ಟಿವಿ ಇದನ್ನ ಸಹಿಸ್ಕೊಳ್ತಿತ್ತು, ಕ್ಯಾಪ್ಚರ್ ಕಾರ್ಡ್ ಸಹಿಸ್ಕೊಳ್ಳಲ್ಲ, ಫ್ರೇಮ್ ಬಿಸಾಕುತ್ತೆ. ಲೈನ್ ಟಿಬಿಸಿ ಗೆರೆಗಳ ಅಲ್ಲಾಟ ಸರಿ ಮಾಡುತ್ತೆ, ಕೆಲವು ಎಸ್-ವಿಎಚ್‌ಎಸ್ ವಿಸಿಆರ್‌ಗಳ ಒಳಗೇ ಇರುತ್ತೆ. ಫ್ರೇಮ್ ಟಿಬಿಸಿ ಅಥವಾ ಫ್ರೇಮ್ ಸಿಂಕ್ರೊನೈಸರ್ ಅನ್ನೋದು ಬೇರೆ ಪೆಟ್ಟಿಗೆ, ಅದು ಫ್ರೇಮ್‌ಗಳ ಓಟಾನ ಸಮ ಮಾಡಿ ಫ್ರೇಮ್ ಡ್ರಾಪ್ ತಪ್ಸುತ್ತೆ, ಗೆರೆ ಅಲ್ಲಾಟಕ್ಕೆ ಅಷ್ಟಾಗಿ ಕೆಲಸ ಮಾಡಲ್ಲ. ಎರಡನ್ನೂ ಒಂದೇ ಅಂದ್ಕೊಂಡು ತಪ್ಪು ಪೆಟ್ಟಿಗೆ ತಗೊಂಡವರು ಬಹಳ ಜನ. ದುಡ್ಡು ಹಾಕೋ ಮುಂಚೆ ಮನೇಲಿ ಹಳೇ ಡಿವಿಡಿ ರೆಕಾರ್ಡರ್ ಇದ್ರೆ ವಿಸಿಆರ್ ಮತ್ತೆ ಕ್ಯಾಪ್ಚರ್ ಕಾರ್ಡ್ ಮಧ್ಯೆ ಸುಮ್ನೆ ಹಾದುಹೋಗೋ ಹಾಗೆ ಹಾಕಿ ನೋಡಿ, ಕೆಲವು ಮಾಡೆಲ್‌ಗಳು ದಾರೀಲೇ ಗೆರೆ ನೆಟ್ಟಗೆ ಮಾಡಿ ಕಳಿಸ್ತವೆ. ಎಲ್ಲಾ ಮಾಡೆಲ್ಲೂ ಮಾಡಲ್ಲ, ಪ್ರಯತ್ನ ಮಾಡಿಯೇ ನೋಡ್ಬೇಕು.

ಹಂತ 4: ಕಂಪ್ಯೂಟರ್ ಕಡೆ ತಯಾರಿ

ಇದು ಬೇಗ ಮುಗಿಸ್ತೀನಿ. ಕ್ಯಾಪ್ಚರ್ ಡಬ್ಬೀನ ನೇರ ಕಂಪ್ಯೂಟರ್ ಪೋರ್ಟಿಗೇ ಹಾಕಿ, ಹಬ್ ಬೇಡ. ವಿಂಡೋಸ್ ಇರೋ ಡಿಸ್ಕ್ ಬಿಟ್ಟು ಬೇರೆ ಡಿಸ್ಕಿಗೆ ಬರೀರಿ, ಆ ಡಿಸ್ಕ್ ಫ್ಯಾಟ್32 ಆಗಿದ್ರೆ 4 ಜಿಬಿ ದಾಟಿದ ಫೈಲ್ ಬರಿಯಲ್ಲ, ಎನ್‌ಟಿಎಫ್‌ಎಸ್ ಮಾಡ್ಕೊಳ್ಳಿ. ಸ್ಲೀಪ್, ಸ್ಕ್ರೀನ್‌ಸೇವರ್, ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ಆಫ್. ಕ್ಯಾಪ್ಚರ್ ನಡೀವಾಗ ಬ್ರೌಸರ್ ತೆಗೆದು ಆಡ್ತಾ ಕೂರ್ಬೇಡಿ.

ಹಂತ 5: ಸಾಫ್ಟ್‌ವೇರ್ ಸೆಟಿಂಗು

ಅನಲಾಗ್ ಕ್ಯಾಪ್ಚರ್‌ಗೆ ನಾನು ಇವತ್ತಿಗೂ ವರ್ಚುವಲ್‌ಡಬ್ ಬಳಸ್ತೀನಿ, ನೋಡೋಕೆ ಹಳೇಕಾಲದ್ದು ಆದ್ರೆ ಎಷ್ಟು ಫ್ರೇಮ್ ಬಿಟ್ಟುಹೋಯ್ತು ಎಷ್ಟು ಸೇರಿಸ್ತು ಅಂತ ಕಣ್ಣೆದುರೇ ತೋರ್ಸುತ್ತೆ. ಓಬಿಎಸ್ ಲೈವ್ ಸ್ಟ್ರೀಮ್ ಮಾಡೋಕೆ ಒಳ್ಳೇದು, ಆದ್ರೆ ಸೆಟಿಂಗ್ ಬದಲಾಯಿಸದೇ ಬಳಸಿದ್ರೆ ಅದು ಪಿಕ್ಚರನ್ನ ತನ್ನ ಕ್ಯಾನ್ವಾಸ್ ಸೈಜಿಗೆ ಎಳೆಯುತ್ತೆ, ಬಣ್ಣಾನ 4:2:0ಗೆ (ಬಣ್ಣದ ವಿವರ ಅಡ್ಡಕ್ಕೂ ಉದ್ದಕ್ಕೂ ಅರ್ಧ) ಇಳಿಸುತ್ತೆ, ಮೇಲಿಂದ ಕಂಪ್ರೆಸ್ಸೂ ಮಾಡುತ್ತೆ. ಟೇಪ್ ಉಳಿಸ್ಬೇಕು ಅನ್ನೋ ಕೆಲಸಕ್ಕೆ ಇದು ಸರಿ ಬರಲ್ಲ.

ಸ್ಟ್ಯಾಂಡರ್ಡ್, ಅಂದ್ರೆ ಅನಲಾಗ್ ಟಿವಿಯ ಪದ್ಧತಿ ಯಾವುದು ಅಂತ: ಪಾಲ್ ಅಂದ್ರೆ ಒಟ್ಟು 625 ಗೆರೆ, ಅದ್ರಲ್ಲಿ ಚಿತ್ರ ಇರೋದು 576, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿ ಅಂದ್ರೆ 525 ಗೆರೆ, ಕ್ಯಾಪ್ಚರ್‌ನಲ್ಲಿ 480, ಸೆಕೆಂಡಿಗೆ 29.97 ಫ್ರೇಮ್. ಟೇಪ್ ಯಾವುದೋ ಅದನ್ನೇ ಇಡಿ. ತಪ್ಪಿದ್ರೆ ಬಣ್ಣ ಹೋಗುತ್ತೆ ಇಲ್ಲ ಪಿಕ್ಚರ್ ಉರುಳುತ್ತೆ.

ರೆಸಲ್ಯೂಶನ್: 720×576 ಅಥವಾ 720×480. ಎತ್ತರವನ್ನ ಮಾತ್ರ ಯಾವ ಕಾರಣಕ್ಕೂ ಮುಟ್ಬೇಡಿ. ಪಾಲ್ ಸಿಗ್ನಲನ್ನ 640×480ಕ್ಕೆ ಕ್ಯಾಪ್ಚರ್ ಮಾಡಿದ್ರೆ 576 ಗೆರೆಗಳನ್ನ 480ಕ್ಕೆ ಹಿಂಡುವಾಗ ಬೆಸ ಗೆರೆ ಸಮ ಗೆರೆ ಎರಡೂ ಕಲಸಿಹೋಗುತ್ತೆ, ಆಮೇಲೆ ಡೀಇಂಟರ್‌ಲೇಸ್ (ಬೆಸ-ಸಮ ಗೆರೆಗಳಿಂದ ಪೂರ್ತಿ ಫ್ರೇಮ್ ಮಾಡೋದು, ಹಂತ 7ರಲ್ಲಿ ಬರುತ್ತೆ) ಮಾಡೋಕೆ ಜನ್ಮದಲ್ಲಿ ಸಾಧ್ಯ ಇಲ್ಲ. ಹಾಗಂತ 1080ಕ್ಕೆ ಕ್ಯಾಪ್ಚರ್ ಮಾಡಿದ್ರೂ ಪ್ರಯೋಜನ ಇಲ್ಲ, ವಿಎಚ್‌ಎಸ್ ಟೇಪಲ್ಲಿ ಇರೋದೇ ಅಡ್ಡಡ್ಡಕ್ಕೆ ಸುಮಾರು 240 ಲೈನಿನ ವಿವರ.

ಕಲರ್ ಫಾರ್ಮ್ಯಾಟ್: ವೈಯುವೈ2 ಅಂತ ಇರೋದನ್ನ ಆರಿಸಿ, ಅದು 4:2:2. ಆರ್‌ಜಿಬಿ24 ಆರಿಸಿದ್ರೆ ಡ್ರೈವರ್ ಮಧ್ಯದಲ್ಲಿ ಬಣ್ಣ ಕನ್ವರ್ಟ್ ಮಾಡುತ್ತೆ, ಫೈಲೂ ದಪ್ಪ ಆಗುತ್ತೆ, ಬಿಳುಪಿನ ತುದಿಯ ವಿವರಾನೂ ಕತ್ತರಿಸಿ ಹೋಗಬಹುದು.

ಕೋಡೆಕ್ (ವಿಡಿಯೋನ ಕಂಪ್ರೆಸ್ ಮಾಡೋ ವಿಧಾನ): ಲಾಸ್‌ಲೆಸ್, ಅಂದ್ರೆ ಏನೂ ಕಳ್ಕೊಳ್ಳದೆ ಕಂಪ್ರೆಸ್ ಮಾಡೋದು. ಹಫ್‌ವೈಯುವಿ, ಲಗಾರಿತ್, ಯುಟಿ ವಿಡಿಯೋ, ಎಫ್‌ಎಫ್‌ವಿ1 ಯಾವುದಾದ್ರೂ ಸರಿ, ಕಂಪ್ಯೂಟರ್ ಹಳೇದಾದ್ರೆ ಹಫ್‌ವೈಯುವಿ ಹಗುರ. ಲೆಕ್ಕ ನೋಡಿ, ಏನೂ ಕಂಪ್ರೆಸ್ ಮಾಡದಿದ್ರೆ 720×576, 4:2:2, 25 ಫ್ರೇಮ್ ಅಂದ್ರೆ ಸೆಕೆಂಡಿಗೆ 20.7 ಎಂಬಿ, ಗಂಟೆಗೆ ಸುಮಾರು 75 ಜಿಬಿ. ಲಾಸ್‌ಲೆಸ್ ಮಾಡಿದ್ರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಟೇಪಲ್ಲಿ ಚುಕ್ಕೆ ಜಾಸ್ತಿ ಇದ್ದಷ್ಟೂ ಫೈಲ್ ದಪ್ಪ. ಇಷ್ಟು ಜಾಗ ಇಲ್ಲ ಅನ್ನೋರಿಗೆ ಡಿವಿ (ಡಿಜಿಟಲ್ ಕ್ಯಾಮ್‌ಕಾರ್ಡರ್‌ಗಳ ಫಾರ್ಮ್ಯಾಟ್) ಒಂದು ಮಧ್ಯದ ದಾರಿ, ಗಂಟೆಗೆ 13 ಜಿಬಿ ಚಿಲ್ಲರೆ, ಆದ್ರೆ ಬಣ್ಣದ ವಿವರ ಪಾಲ್‌ನಲ್ಲಿ 4:2:0, ಎನ್‌ಟಿಎಸ್‌ಸಿಲಿ 4:1:1ಕ್ಕೆ ಇಳಿಯುತ್ತೆ. ನೇರ ಎಂಪೆಗ್-2ಕ್ಕೋ ಎಚ್.264ಕ್ಕೋ ಕ್ಯಾಪ್ಚರ್ ಮಾಡೋದು ಮಾತ್ರ ಬೇಡ. ಟೇಪಿನ ಚುಕ್ಕೆಗಳೇ ಬಿಟ್‌ರೇಟ್ ಎಲ್ಲಾ ತಿಂದುಹಾಕಿ ಮುಖಕ್ಕೆ ಚೌಕಗಳು ಉಳಿಯುತ್ತೆ.

ಆಡಿಯೋ 48 ಕಿಲೋಹರ್ಟ್ಸ್, 16 ಬಿಟ್. ಕ್ಯಾಪ್ಚರ್ ಡಬ್ಬೀಲೇ ಆಡಿಯೋ ಇನ್ ಇದ್ರೆ ಅದನ್ನೇ ಬಳಸಿ, ಕಂಪ್ಯೂಟರ್ ಸೌಂಡ್ ಕಾರ್ಡಿಗೆ ಬೇರೆ ಹಾಕಿದ್ರೆ ಎರಡಕ್ಕೂ ಗಡಿಯಾರ ಬೇರೆ ಬೇರೆ, ಒಂದು ಗಂಟೆ ಆಗೋ ಹೊತ್ತಿಗೆ ತುಟಿ ಒಂದು ಕಡೆ ಮಾತು ಒಂದು ಕಡೆ.

ಹಂತ 6: ಲೆವೆಲ್ ಸರಿ ಮಾಡೋದು, ಕ್ಯಾಪ್ಚರ್ ಒತ್ತೋ ಮುಂಚೆ

ಬಹಳ ಜನ ಇದನ್ನ ಹಾರಿಸಿ ಮುಂದಕ್ಕೆ ಹೋಗ್ತಾರೆ, ನನ್ನ ಪ್ರಕಾರ ಕೇಬಲ್ ಬಿಟ್ರೆ ಅತೀ ಹೆಚ್ಚು ಫರಕ್ ಬರೋದೇ ಇಲ್ಲಿ. ಡಿಜಿಟಲ್ ವಿಡಿಯೋದಲ್ಲಿ ಬೆಳಕಿಗೆ 0ಯಿಂದ 255ರವರೆಗೆ ಸಂಖ್ಯೆ ಇರುತ್ತೆ, ಅದ್ರಲ್ಲಿ ಕಪ್ಪಿಗೆ 16, ಬಿಳುಪಿಗೆ 235 ಅಂತ ಜಾಗ ಗೊತ್ತು ಮಾಡಿದ್ದಾರೆ. ಕಾರ್ಡಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಫ್ಯಾಕ್ಟರಿಯಿಂದ ಹೇಗೆ ಬಂದಿದೆಯೋ ಹಾಗೇ ಬಿಟ್ರೆ ಬಿಳೀ ಅಂಗಿ, ಆಕಾಶ, ದೀಪ ಎಲ್ಲಾ 255ಕ್ಕೆ ಹೋಗಿ ಗೋಡೆಗೆ ತಲೆ ಹೊಡ್ಕೊಂಡು ಒಂದೇ ಬಿಳಿ ಮುದ್ದೆ ಆಗುತ್ತೆ. ಹೀಗೆ ಕತ್ತರಿಸಿಹೋದ ಅಂಗಿ ಮಡಿಕೆಗಳು ಆಮೇಲೆ ಬ್ರೈಟ್‌ನೆಸ್ ಇಳಿಸಿದ್ರೂ ವಾಪಸ್ ಬರಲ್ಲ, ಬಿಳಿ ಹೋಗಿ ಬೂದಿ ಮುದ್ದೆ ಆಗುತ್ತೆ ಅಷ್ಟೇ.

ಮಾಡೋದು ಹೀಗೆ. ವರ್ಚುವಲ್‌ಡಬ್‌ನ ಕ್ಯಾಪ್ಚರ್ ಮೋಡಲ್ಲಿ ಹಿಸ್ಟೋಗ್ರಾಂ (ಪಿಕ್ಚರಲ್ಲಿ ಕಪ್ಪಿಂದ ಬಿಳುಪಿನವರೆಗೆ ಯಾವ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫ್) ಆನ್ ಮಾಡಿ. ಪಿಕ್ಚರ್ ಸುತ್ತ ಇರೋ ಕಪ್ಪು ಅಂಚು ಲೆಕ್ಕ ಕೆಡಿಸುತ್ತೆ, ಹಾಗಾಗಿ ಕ್ರಾಪಿಂಗಲ್ಲಿ ಆ ಅಂಚನ್ನ ತಾತ್ಕಾಲಿಕವಾಗಿ ಕತ್ತರಿಸಿ ಇಡಿ. ಟೇಪಲ್ಲಿ ಅತೀ ಬೆಳಕಿರೋ ಸೀನ್ ಹುಡುಕಿ, ಹಿಸ್ಟೋಗ್ರಾಂ ಬಲಗಡೆ ಕೆಂಪು ಜಾಗಕ್ಕೆ ನುಗ್ತಿದ್ರೆ ಕಾಂಟ್ರಾಸ್ಟ್ ಇಳಿಸಿ. ಆಮೇಲೆ ರಾತ್ರಿ ಸೀನ್ ಹುಡುಕಿ, ಎಡಗಡೆ ಕೆಂಪಿಗೆ ನುಗ್ತಿದ್ರೆ ಬ್ರೈಟ್‌ನೆಸ್ ಏರಿಸಿ. ಒಂದನ್ನ ಮುಟ್ಟಿದ್ರೆ ಇನ್ನೊಂದು ಸರಿಯುತ್ತೆ, ಎರಡು ಮೂರು ಸಲ ಆ ಕಡೆ ಈ ಕಡೆ ಓಡಾಡ್ಬೇಕಾಗುತ್ತೆ. ಎರಡೂ ಕಡೆ ಚೂರು ಜಾಗ ಉಳಿಸಿ, ಪಿಕ್ಚರ್ ಸ್ವಲ್ಪ ಸಪ್ಪೆ ಕಂಡ್ರೂ ಪರ್ವಾಗಿಲ್ಲ, ಸಪ್ಪೇನ ಆಮೇಲೆ ಸರಿ ಮಾಡಬಹುದು. ಕೊನೆಗೆ ಆ ಕ್ರಾಪನ್ನ ಸೊನ್ನೆ ಮಾಡೋದು ಮರೀಬೇಡಿ, ನಾನು ಒಂದ್ಸಲ ಮರೆತು ಎರಡು ಗಂಟೆ ಟೇಪನ್ನ ಅಂಚಿಲ್ಲದೆ ಕ್ಯಾಪ್ಚರ್ ಮಾಡಿ ಮತ್ತೆ ಮೊದಲಿಂದ ಕೂತಿದ್ದೆ.

ಶಾರ್ಪ್‌ನೆಸ್ ಡ್ರೈವರ್ ಕೊಟ್ಟಷ್ಟಕ್ಕೇ ಇರ್ಲಿ. ಸ್ಯಾಚುರೇಶನ್ ಮುಖದ ಬಣ್ಣ ನೋಡ್ಕೊಂಡು ಒಂಚೂರು ಇಳಿಸಬಹುದು, ಏರಿಸೋದು ಬೇಡ. ಕಂಪ್ಯೂಟರ್ ಸ್ಕ್ರೀನ್ ನೋಡ್ಕೊಂಡು ಕಣ್ಣಂದಾಜಲ್ಲಿ ಲೆವೆಲ್ ಇಡ್ಬೇಡಿ, ನಿಮ್ಮ ಮಾನಿಟರ್ರೇ ನೀಲಿ ತಿರುಗಿರಬಹುದು, ಹಿಸ್ಟೋಗ್ರಾಂ ನಂಬಿ. ಕೆಲವು ಡ್ರೈವರ್‌ಗಳು ಡಬ್ಬಿ ಕಿತ್ತು ಹಾಕಿದ ಕೂಡ್ಲೇ ಸೆಟಿಂಗ್ ಮರೆತುಬಿಡ್ತವೆ, ಅದಕ್ಕೇ ಸಂಖ್ಯೆಗಳನ್ನ ಒಂದು ಚೀಟೀಲಿ ಬರೆದಿಡಿ, ಕ್ಯಾಸೆಟ್ ಬದಲಾದಾಗ ಮತ್ತೆ ಒಂದ್ಸಲ ಚೆಕ್ ಮಾಡಿ. ಎನ್‌ಟಿಎಸ್‌ಸಿ ಟೇಪ್ ಇರೋರಿಗೆ ಒಂದು ಮಾತು, ಅಮೆರಿಕದ ಎನ್‌ಟಿಎಸ್‌ಸಿಲಿ ಕಪ್ಪು 7.5 ಐಆರ್‌ಇ (ವಿಡಿಯೋ ಸಿಗ್ನಲ್ ಮಟ್ಟದ ಅಳತೆ) ಮೇಲಿಂದ ಶುರು ಆಗುತ್ತೆ, ಜಪಾನ್‌ದ್ರಲ್ಲಿ ಸೊನ್ನೆಯಿಂದ, ಎರಡೂ ಥರದ ಟೇಪಿಗೆ ಒಂದೇ ಸೆಟಿಂಗ್ ಹೊಂದಲ್ಲ.

ಹಂತ 7: ಬಾಚಣಿಗೆ ಹಲ್ಲು, ಅಂದ್ರೆ ಇಂಟರ್‌ಲೇಸ್

ಕ್ಯಾಪ್ಚರ್ ಆದ ಫೈಲ್ ತೆಗೆದು ನೋಡಿದ್ರೆ ಓಡೋ ವಸ್ತುವಿನ ಅಂಚಲ್ಲಿ ಬಾಚಣಿಗೆ ಕಾಣುತ್ತೆ. ಗಾಬರಿ ಬೇಡ, ಕ್ಯಾಪ್ಚರ್ ಸರಿಯಾಗಿದೆ ಅನ್ನೋದಕ್ಕೆ ಅದೇ ಗುರುತು. ಟಿವಿ ಒಂದು ಫ್ರೇಮನ್ನ ಎರಡು ಸಲಕ್ಕೆ ಕಳಿಸುತ್ತೆ, ಮೊದ್ಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದ ಗೆರೆ. ಈ ಅರ್ಧರ್ಧಕ್ಕೆ ಫೀಲ್ಡ್ ಅಂತಾರೆ, ಪಾಲ್‌ನಲ್ಲಿ ಸೆಕೆಂಡಿಗೆ 50, ಎನ್‌ಟಿಎಸ್‌ಸಿಲಿ 59.94. ಎರಡು ಫೀಲ್ಡ್ ಮಧ್ಯೆ ಕೈ ಮುಂದಕ್ಕೆ ಹೋಗಿರುತ್ತಲ್ಲ, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಹಲ್ಲು ಕಾಣುತ್ತೆ.

ಕ್ಯಾಪ್ಚರ್ ಮಾಡುವಾಗ ಡೀಇಂಟರ್‌ಲೇಸ್ ಆನ್ ಮಾಡ್ಲೇಬೇಡಿ, ಡ್ರೈವರ್ ಮಾಡೋ ಡೀಇಂಟರ್‌ಲೇಸ್ ಬಹಳ ಸಲ ಒಂದು ಫೀಲ್ಡ್ ಬಿಸಾಕೋದು ಇಲ್ಲ ಎರಡನ್ನೂ ಕಲಸಿ ನೆರಳು ಮಾಡೋದು ಅಷ್ಟೇ. ಆಮೇಲೆ ಆರಾಮಾಗಿ ಮಾಡೋಣ.

ಮೊದ್ಲು ಫೀಲ್ಡ್ ಆರ್ಡರ್ ಕಂಡುಹಿಡೀರಿ, ಯಾವ ಗೆರೆಗಳು ಮೊದಲು ಅಂತ. ಡಿವಿ ಆಗಿದ್ರೆ ಬಾಟಮ್ ಮೊದಲು. ಅನಲಾಗ್ ಕ್ಯಾಪ್ಚರ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಟಾಪ್ ಮೊದಲು, ಆದ್ರೂ ಕಣ್ಣಲ್ಲಿ ನೋಡಿಯೇ ನಂಬಿ. ಯಾರಾದ್ರೂ ಓಡ್ತಿರೋ ಒಂದು ತುಣುಕನ್ನ ಟಾಪ್ ಮೊದಲು ಅಂತ ಇಟ್ಟು ಫೀಲ್ಡ್‌ಗಳನ್ನ ಬೇರೆ ಬೇರೆ ಫ್ರೇಮ್ ಮಾಡಿ ಒಂದೊಂದೇ ಮುಂದಕ್ಕೆ ಹೋಗಿ, ಓಟ ಸಲೀಸಾಗಿ ಮುಂದಕ್ಕೇ ಹೋದ್ರೆ ಸರಿ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಅಂತ ತಡವರಿಸಿದ್ರೆ ಆರ್ಡರ್ ಉಲ್ಟಾ.

ಡೀಇಂಟರ್‌ಲೇಸ್ ಮಾಡೋಕೆ ಸದ್ಯಕ್ಕೆ ಟೇಪ್ ವಿಡಿಯೋಗೆ ಕ್ಯೂಟಿಜಿಎಂಸಿನೇ ರಾಜ. ಏವಿಸಿಂತ್ ಅಥವಾ ವೇಪರ್‌ಸಿಂತ್ ಒಳಗೆ ಓಡುತ್ತೆ, ಸ್ಕ್ರಿಪ್ಟ್ ಬರೆಯೋಕೆ ಬೇಜಾರು ಅನ್ನೋರಿಗೆ ಹೈಬ್ರಿಡ್ ಅನ್ನೋ ಸಾಫ್ಟ್‌ವೇರ್ ಬಟನ್ ಇಟ್ಟು ಕೊಡುತ್ತೆ. ನಿಧಾನ, ಬಹಳ ನಿಧಾನ, ರಾತ್ರಿ ಹಾಕಿ ಮಲಗಿ. ಅವಸರ ಇದ್ರೆ ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಸಾಕು, ಹ್ಯಾಂಡ್‌ಬ್ರೇಕಲ್ಲೂ ಇದೆ. ಯಾವುದೇ ಬಳಸಿ, ಪಾಲ್‌ಗೆ ಔಟ್‌ಪುಟ್ 50 ಫ್ರೇಮ್, ಎನ್‌ಟಿಎಸ್‌ಸಿಗೆ 59.94 ಫ್ರೇಮ್ ಬರೋ ಹಾಗೆ ಬಾಬ್ ಮೋಡಲ್ಲಿ (ಒಂದೊಂದು ಫೀಲ್ಡಿಂದ ಒಂದೊಂದು ಫ್ರೇಮ್) ಮಾಡಿ. 25ಕ್ಕೆ ಇಳಿಸಿದ್ರೆ ಕ್ರಿಕೆಟ್ಟು, ಡ್ಯಾನ್ಸು, ಮದುವೆ ವಿಡಿಯೋದಲ್ಲಿರೋ ಆ ಜಾರೋ ಥರದ ಚಲನೆ ಹೋಗಿ ಎಲ್ಲಾ ಮುಗ್ಗರಿಸಿದ ಹಾಗೆ ಕಾಣುತ್ತೆ.

ಆದ್ರೆ ಸಿನಿಮಾ ಬೇರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಪಾಲ್ ಟಿವೀಲಿ ಅದನ್ನ ಸುಮಾರು ಶೇಕಡಾ 4 ಜೋರಾಗಿ ಓಡಿಸಿ 25 ಮಾಡ್ತಾರೆ, ಎರಡೂ ಫೀಲ್ಡ್ ಒಂದೇ ಫ್ರೇಮಿಂದ ಬಂದಿರುತ್ತೆ, ಹಾಗಾಗಿ ಹಲ್ಲೇ ಇರಲ್ಲ, ಡೀಇಂಟರ್‌ಲೇಸೂ ಬೇಡ. ಕೆಲವು ಸಲ ಜೋಡಿ ತಪ್ಪಿರುತ್ತೆ, ಆಗ ಫೀಲ್ಡ್ ಮ್ಯಾಚಿಂಗ್ (ಒಂದೇ ಫ್ರೇಮಿನ ಎರಡು ಫೀಲ್ಡನ್ನ ಮತ್ತೆ ಜೋಡಿಸೋದು) ಮಾಡಿದ್ರೆ ಸಾಕು. ಎನ್‌ಟಿಎಸ್‌ಸಿಲಿ ಸಿನಿಮಾದ ಒಂದು ಫ್ರೇಮನ್ನ ಮೂರು ಫೀಲ್ಡಿಗೂ ಮುಂದಿನದನ್ನ ಎರಡು ಫೀಲ್ಡಿಗೂ ಹಂಚ್ತಾರೆ, ಒಂದೊಂದೇ ಫ್ರೇಮ್ ನೋಡಿದ್ರೆ ಮೂರು ಸ್ವಚ್ಛ, ಎರಡು ಹಲ್ಲು, ಮತ್ತೆ ಮೂರು ಸ್ವಚ್ಛ, ಎರಡು ಹಲ್ಲು. ಈ ಲಯ ಕಂಡ್ರೆ ಡೀಇಂಟರ್‌ಲೇಸ್ ಮಾಡ್ಬೇಡಿ, ಇನ್ವರ್ಸ್ ಟೆಲಿಸಿನಿ (ಈ ಹಂಚಿಕೆನ ಉಲ್ಟಾ ಮಾಡೋದು) ಮಾಡಿ 23.976ಕ್ಕೆ ವಾಪಸ್ ತನ್ನಿ.

ಹಂತ 8: ಫಿಲ್ಟರ್, ಕೈ ಬಿಗಿ ಹಿಡ್ಕೊಂಡು

ಈಗ ಬಂತು ಎಲ್ಲರೂ ಮೊದಲು ಮಾಡೋ ಕೆಲಸ. ಕ್ರಮ ಮುಖ್ಯ: ಡೀಇಂಟರ್‌ಲೇಸ್, ಆಮೇಲೆ ನಾಯ್ಸ್, ಆಮೇಲೆ ಲೆವೆಲ್ ಮತ್ತೆ ಬಣ್ಣ, ಬೇಕಿದ್ರೆ ಶಾರ್ಪ್, ಕೊನೆಗೆ ಸೈಜ್. ನಾಯ್ಸ್ ತೆಗೆಯದೆ ಶಾರ್ಪ್ ಮಾಡಿದ್ರೆ ಚುಕ್ಕೆಗಳೇ ಚೂಪಾಗುತ್ತೆ.

ಪಕ್ಕಪಕ್ಕದ ಫ್ರೇಮ್‌ಗಳನ್ನ ಹೋಲಿಸಿ ನಾಯ್ಸ್ ತೆಗೆಯೋ ಫಿಲ್ಟರ್‌ಗಳು, ಒಂದೇ ಫ್ರೇಮ್ ಒಳಗೆ ಉಜ್ಜೋ ಫಿಲ್ಟರ್‌ಗಿಂತ ಮೇಲು, ಚುಕ್ಕೆ ಪ್ರತೀ ಫ್ರೇಮಲ್ಲೂ ಬೇರೆ ಜಾಗದಲ್ಲಿರುತ್ತೆ ಆದ್ರೆ ಗೋಡೆ ಅಲ್ಲೇ ಇರುತ್ತೆ. ವಿಎಚ್‌ಎಸ್‌ನಲ್ಲಿ ಬಣ್ಣದ ನಾಯ್ಸು ಬೆಳಕಿನ ನಾಯ್ಸಿಗಿಂತ ಕೊಳಕು, ಬಣ್ಣಕ್ಕೆ ಧಾರಾಳವಾಗಿ ಹಾಕಿ, ಬೆಳಕಿಗೆ ಜಿಪುಣತನ ಮಾಡಿ. ಮುಖ ಮೇಣದ ಗೊಂಬೆ ಥರ ಆಯ್ತು, ತಲೆ ತಿರುಗಿಸಿದಾಗ ಕಣ್ಣು ಒಂದು ಕ್ಷಣ ತಡವಾಗಿ ಬಂತು ಅಂದ್ರೆ ಜಾಸ್ತಿ ಆಗಿದೆ. ಸ್ಟಿಲ್ ಫ್ರೇಮ್ ನೋಡಿ ಸೆಟಿಂಗ್ ಇಡ್ಬೇಡಿ, ಸ್ಟಿಲ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ, ಓಡಿಸಿ ನೋಡಿ.

ವಿಎಚ್‌ಎಸ್ ಪಿಕ್ಚರ್‌ನ ಅಡಿಯಲ್ಲಿ ಕೆಲವು ಗೆರೆ ಚಿಂದಿ ಚಿಂದಿ ಆಗಿರುತ್ತೆ, ಅದು ವಿಸಿಆರ್ ಒಂದು ಹೆಡ್ಡಿಂದ ಇನ್ನೊಂದು ಹೆಡ್ಡಿಗೆ ದಾಟೋ ಜಾಗ, ದೋಷ ಅಲ್ಲ, ಹಳೇ ಟಿವೀಲಿ ಚೌಕಟ್ಟಿನ ಹಿಂದೆ ಮುಚ್ಚಿಹೋಗ್ತಿತ್ತು. ಅದನ್ನ ಕತ್ತರಿಸಿ ಪಿಕ್ಚರ್ ಎಳೆಯೋ ಬದಲು ಅಷ್ಟು ಗೆರೆ ಮೇಲೆ ಕಪ್ಪು ಪಟ್ಟಿ ಹಾಕಿ.

ಹಂತ 9: ಮುಖ ಅಗಲ ಆಗದ ಹಾಗೆ ಫೈನಲ್ ಫೈಲ್

720×576 ಅನ್ನೋದು 4:3 ಅಲ್ಲ, 720×480 ಕೂಡ ಅಲ್ಲ, ಯಾಕಂದ್ರೆ ಟಿವಿಯ ಪಿಕ್ಸೆಲ್ ಚೌಕ ಅಲ್ಲ. ಎಡಬಲ 8-8 ಪಿಕ್ಸೆಲ್ ತೆಗೆದು 704 ಮಾಡ್ಕೊಂಡು, ಪಾಲ್ ಆದ್ರೆ 768×576, ಎನ್‌ಟಿಎಸ್‌ಸಿ ಆದ್ರೆ 640×480 ಮಾಡಿದ್ರೆ ವೃತ್ತ ವೃತ್ತವಾಗೇ ಇರುತ್ತೆ. ಸೈಜ್ ಮುಟ್ಟೋಕೆ ಇಷ್ಟ ಇಲ್ಲದಿದ್ರೆ ಫೈಲಲ್ಲಿ ಆಸ್ಪೆಕ್ಟ್ ರೇಶಿಯೋ ಫ್ಲಾಗ್ ಹಾಕಿ. ದೊಡ್ಡದು ಮಾಡಿ ಎಚ್‌ಡಿ ಸೈಜಿಗೆ ತರೋರು ಬಣ್ಣದ ಮ್ಯಾಟ್ರಿಕ್ಸನ್ನೂ 601ರಿಂದ (ಹಳೇ ಟಿವಿಯ ಬಣ್ಣದ ಲೆಕ್ಕ) 709ಕ್ಕೆ (ಎಚ್‌ಡಿಯ ಲೆಕ್ಕ) ಬದಲಾಯಿಸಿ, ಇಲ್ಲಾಂದ್ರೆ ಕೆಂಪು ಹಸಿರು ಎರಡೂ ಒಂಚೂರು ದಾರಿ ತಪ್ಪುತ್ತೆ.

ಎಕ್ಸ್264ನಲ್ಲಿ (ಎಚ್.264 ಫೈಲ್ ಮಾಡೋ ಎನ್‌ಕೋಡರ್) ಸಿಆರ್‌ಎಫ್ (ಕ್ವಾಲಿಟಿ ಗೊತ್ತು ಮಾಡೋ ಸಂಖ್ಯೆ) 16ರಿಂದ 18, ಪ್ರೀಸೆಟ್ ಸ್ಲೋ. ಸಂಖ್ಯೆ ಕಮ್ಮಿ ಆದಷ್ಟೂ ಕ್ವಾಲಿಟಿ ಜಾಸ್ತಿ, ಫೈಲ್ ದಪ್ಪ. 4:2:0ಗೆ ಇಳಿಸೋದು ಇಲ್ಲೇ, ಡೀಇಂಟರ್‌ಲೇಸ್ ಆದ್ಮೇಲೆ, ಮುಂಚೆ ಇಳಿಸಿದ್ರೆ ಬಣ್ಣದ ಅಂಚಿಗೂ ಹಲ್ಲು ಬರುತ್ತೆ.

ಫೈಲ್ ಆದ್ಮೇಲೆ ಟಿವಿಗೆ ಹಾಕಿ ದೂರ ಕೂತು ನೋಡಿ, ಶುರು, ಮಧ್ಯ, ಕೊನೆ ಮೂರೂ ಕಡೆ ಮಾತು ತುಟಿ ಹೊಂದುತ್ತಾ ನೋಡಿ. ಅಲ್ಲಿವರೆಗೆ ಲಾಸ್‌ಲೆಸ್ ಫೈಲ್ ಅಳಿಸ್ಬೇಡಿ, ಜಾಗ ಇದ್ರೆ ಆಮೇಲೂ ಅಳಿಸ್ಬೇಡಿ. ಕ್ಯಾಸೆಟ್ಟನ್ನ ಪೂರ್ತಿ ವಾಪಸ್ ಸುತ್ತಿ, ಹಿಂದಿನ ಪ್ಲಾಸ್ಟಿಕ್ ಟ್ಯಾಬ್ ಮುರಿದಿಲ್ಲ ಅಂದ್ರೆ ಮುರಿದು (ಯಾರೂ ಅಪ್ಪಿತಪ್ಪಿ ಮೇಲೆ ರೆಕಾರ್ಡ್ ಮಾಡ್ಬಾರ್ದಲ್ಲ), ಪುಸ್ತಕದ ಥರ ನಿಲ್ಲಿಸಿ ಇಡಿ.